ಹೆ ಕೆಶಿನ್ ಮತ್ತು ಮುಗಿಯದ ವಯಸ್ಸಿನ ಲೆಕ್ಕ

2008ರ ಆಗಸ್ಟ್ 18. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅನ್‌ಈವನ್ ಬಾರ್ಸ್ ಎಂಬ ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಫೈನಲ್. ಒಂದು ಎತ್ತರ, ಇನ್ನೊಂದು ತಗ್ಗು, ಎರಡು ಕಂಬಿಗಳ ನಡುವೆ ಹಾರಾಡುವ ಆಟ. ಚೀನಾದ ಹೆ ಕೆಶಿನ್‌ಗೆ 16.725 ಅಂಕ ಬಂತು. ಅಮೆರಿಕದ ನಾಸ್ತ್ಯಾ ಲ್ಯೂಕಿನ್‌ಗೂ ಅಷ್ಟೇ. ಕಸರತ್ತಿನ ಕಷ್ಟಕ್ಕೆ ಇಬ್ಬರಿಗೂ 7.7, ಅದನ್ನು ಮಾಡಿದ ಅಂದಕ್ಕೆ ಇಬ್ಬರಿಗೂ 9.025. 1984ರಲ್ಲಿ ಇದೇ ಬಾರ್ಸ್‌ನಲ್ಲಿ ಚೀನಾದ ಮಾ ಯಾನ್‌ಹಾಂಗ್ ಮತ್ತು ಅಮೆರಿಕದ ಜೂಲಿಯಾನ್ ಮೆಕ್ನಮಾರಾ ಚಿನ್ನ ಹಂಚಿಕೊಂಡಿದ್ದರು. ಈ ಸಲ ಹಾಗಾಗಲಿಲ್ಲ, ಟೈ ಬಿಡಿಸುವ ನಿಯಮ ಬಂದಿತ್ತು. ತಪ್ಪುಗಳಿಗೆ ಕಡಿತ ಮಾಡಿದ ಅಂಕಗಳನ್ನು ಮತ್ತೆ ಲೆಕ್ಕ ಹಾಕಿದಾಗ ಕೂದಲೆಳೆಯ ವ್ಯತ್ಯಾಸ. ಚಿನ್ನ ಕೆಶಿನ್‌ ಪಾಲಾಯಿತು.

ಈ ಅಂಕಗಳು ಈಗ ಯಾರಿಗೂ ನೆನಪಿಲ್ಲ. ನೆನಪಿರುವುದು ಒಂದೇ ಪ್ರಶ್ನೆ: ಆ ಹುಡುಗಿಗೆ ಆಗ ಎಷ್ಟು ವಯಸ್ಸು?

ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ 1976ರಲ್ಲಿ ಹತ್ತಕ್ಕೆ ಹತ್ತು ತೆಗೆದಾಗ ಅವಳಿಗೆ 14. ಆಗ ಅದು ತಪ್ಪೇ ಅಲ್ಲ. 1981ರಲ್ಲಿ ಕನಿಷ್ಠ ವಯಸ್ಸಿನ ಮಿತಿ 15ಕ್ಕೆ ಏರಿತು, 1997ರಲ್ಲಿ 16ಕ್ಕೆ. ಬೆಳೆಯುವ ಮೂಳೆಗೆ ಪೆಟ್ಟಾಗಬಾರದು ಅನ್ನೋದು ಉದ್ದೇಶ. ಆದರೆ ಗಾಳಿಯಲ್ಲಿ ತಿರುಗಲು ಹಗುರ ಮೈಯೇ ಸುಲಭ. ನಿಯಮ ಒಂದು ಕಡೆ, ಪದಕ ಇನ್ನೊಂದು ಕಡೆ ಎಳೆಯಿತು. ನಡುವೆ ಸಿಕ್ಕಿಕೊಂಡದ್ದು ಜನನ ದಿನಾಂಕ. ಚೀನಾ ಒಂದೇ ಅಲ್ಲ, ಉತ್ತರ ಕೊರಿಯಾದ ಕಿಮ್ ಗ್ವಾಂಗ್‌ ಸುಕ್‌ಗೆ ದಾಖಲೆಯಲ್ಲಿ ಮೂರು ವರ್ಷ ಸತತವಾಗಿ 15!

ಚೀನಾದ ಕಥೆ ನಿಜವಾಗಿ ಜಟಿಲವಾಗಿದ್ದು ಸಿಡ್ನಿಯಲ್ಲಿ. 2000ದ ಒಲಿಂಪಿಕ್ಸ್‌ನಲ್ಲಿ ಆರು ಹುಡುಗಿಯರ ಚೀನಾ ತಂಡ ಕಂಚು ಗೆದ್ದಿತು. ಅವರಲ್ಲಿ ಡಾಂಗ್ ಫಾಂಗ್‌ಶಿಯಾವ್ ಒಬ್ಬಳು. ಪಟ್ಟಿಯಲ್ಲಿ ಅವಳ ಹುಟ್ಟಿದ ದಿನ 1983ರ ಜನವರಿ 20. ಎಂಟು ವರ್ಷ ಕಳೆದು ಬೀಜಿಂಗ್‌ನಲ್ಲಿ ಅವಳು ಅಧಿಕಾರಿಯಾಗಿ ಕೆಲಸಕ್ಕೆ ಬಂದಳು. ಅಲ್ಲಿನ ಗುರುತಿನ ದಾಖಲೆಯಲ್ಲಿ ಇದ್ದದ್ದು 1986ರ ಜನವರಿ 23. ಅಂದರೆ ಸಿಡ್ನಿಯಲ್ಲಿ 14! ಸಾಲದ್ದಕ್ಕೆ, ತಾನು ಎತ್ತಿನ ವರ್ಷದಲ್ಲಿ ಹುಟ್ಟಿದವಳು ಎಂದು ಅವಳೇ ಬ್ಲಾಗ್‌ನಲ್ಲಿ ಬರೆದುಕೊಂಡಿದ್ದಳು. ಚೀನೀ ಪಂಚಾಂಗದಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿಯ ಹೆಸರು. 1983ರ ಜನವರಿ ಇನ್ನೂ ನಾಯಿಯ ವರ್ಷ. 1986ರ ಜನವರಿ ಮಾತ್ರ ಎತ್ತಿನದು. ಪಾಸ್‌ಪೋರ್ಟ್ ತಿದ್ದಬಹುದು, ಹುಟ್ಟಿದ ವರ್ಷದ ಪ್ರಾಣಿಯನ್ನು ಮನೆಯಲ್ಲಿ ಯಾರೂ ಮರೆಯಲ್ಲ, ಅಲ್ವಾ?

2010ರ ಏಪ್ರಿಲ್ 28ರಂದು ಒಲಿಂಪಿಕ್ ಸಮಿತಿ ತಂಡದ ಕಂಚನ್ನು ವಾಪಸ್ ಪಡೆಯಿತು. ನಾಲ್ಕನೇ ಸ್ಥಾನದಲ್ಲಿದ್ದ ಅಮೆರಿಕಕ್ಕೆ ಅದು ಹೋಯಿತು. ಅದೇ ತಂಡದ ಯಾಂಗ್ ಯುನ್ ಟಿ.ವಿ. ಸಂದರ್ಶನದಲ್ಲಿ ಸಿಡ್ನಿಯಲ್ಲಿ ತನಗೆ 14 ಎಂದುಬಿಟ್ಟಿದ್ದಳು, ಆಮೇಲೆ ಬಾಯಿ ತಪ್ಪಿತು ಅಂದಳು. ಸಾಕ್ಷ್ಯ ಸಾಲದೆ ಎಚ್ಚರಿಕೆಯಷ್ಟಕ್ಕೇ ಮುಗಿಯಿತು, ಬಾರ್ಸ್‌ನಲ್ಲಿ ಗೆದ್ದ ಕಂಚು ಅವಳ ಬಳಿಯೇ ಉಳಿಯಿತು. ದಾಖಲೆ ಬರೆದ ಕೈ ಯಾವುದೋ, ತಂಡದ ಪದಕ ಕಳೆದುಕೊಂಡವರು ಆರೂ ಹುಡುಗಿಯರು.

ಕೆಶಿನ್ ಪ್ರಕರಣ ಈ ನೆರಳಲ್ಲೇ ಬೆಳೆದದ್ದು. ಅವಳ ಪಾಸ್‌ಪೋರ್ಟ್‌ನಲ್ಲಿ 1992ರ ಜನವರಿ 1. ಆದರೆ ಚೀನಾದ ಸರ್ಕಾರಿ ಸುದ್ದಿಸಂಸ್ಥೆ ಶಿನ್ಹುವಾದ 2007ರ ವರದಿಯಲ್ಲಿ 13 ವರ್ಷದವಳು ಎಂದಿತ್ತು. ಸೈಟಿನಿಂದ ಮಾಯವಾದ ಸರ್ಕಾರಿ ಪಟ್ಟಿಯೊಂದರ ಹಳೆ ಪ್ರತಿ ಸರ್ಚ್ ಎಂಜಿನ್‌ನಲ್ಲಿ ಸಿಕ್ಕಿತು. ಅದರಲ್ಲಿ 1994. ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವಾಗ ಆದ ತಪ್ಪು ಎಂದು ಚೀನಾ ಹೇಳಿತು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಶನ್ ಪಾಸ್‌ಪೋರ್ಟ್, ಗುರುತಿನ ಚೀಟಿ, ಕುಟುಂಬದ ನೋಂದಣಿ ಪುಸ್ತಕ ಎಲ್ಲ ತರಿಸಿ ನೋಡಿತು. 2008ರ ಅಕ್ಟೋಬರ್ 1ರಂದು ದಾಖಲೆ ಸರಿಯಾಗಿದೆ ಎಂದಿತು. ಆದರೆ ತರಿಸಿದ್ದೆಲ್ಲ ಅದೇ ದೇಶದ ಕಚೇರಿಗಳು ಕೊಟ್ಟ ಕಾಗದವೇ. ಚಿನ್ನ ಉಳಿಯಿತು, ಗುಸುಗುಸು ಕೂಡ ಉಳಿಯಿತು.

ಮುಂದಿನ ವರ್ಷದಿಂದ ಜಿಮ್ನಾಸ್ಟ್‌ಗಳಿಗೆ ಫೆಡರೇಶನ್ನಿನ ಲೈಸೆನ್ಸ್ ಕಡ್ಡಾಯವಾಯಿತು. ಕೆಶಿನ್ 2009ರಲ್ಲಿ ಬಾರ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. 2012ರ ಲಂಡನ್‌ನಲ್ಲಿ ಬೆಳ್ಳಿ. ಯಾವ ಕಾಗದ ನಂಬಿದರೂ ಆಗ ಅವಳಿಗೆ 18 ತುಂಬಿತ್ತು. ಅದೇ ವೇದಿಕೆಯಲ್ಲಿ ಕಂಚು ಹಿಡಿದು ನಿಂತಿದ್ದ ಬ್ರಿಟನ್ನಿನ ಬೆತ್ ಟ್ವೆಡಲ್‌ಗೆ 27.