‘ಮಾತಾಡ್ತಾನಲ್ಲ, ಇನ್ನೇನು ಬೇಕು?’

ನಮ್ಮ ಚಿಕ್ಕಮ್ಮನ ಮಗನಿಗೆ 34 ವರ್ಷ. ಮಾರತ್‌ಹಳ್ಳಿ ಕಡೆ ಸಾಫ್ಟ್‌ವೇರ್ ಕೆಲಸ. ಅವನಿಗೆ ಆಟಿಸಂ ಇದೆ ಅಂದಾಗ ನೆಂಟರೆಲ್ಲ ಕೇಳಿದ್ದು ಒಂದೇ. ‘ಚೆನ್ನಾಗೇ ಮಾತಾಡ್ತಾನಲ್ಲ, ಸಂಬಳ ತರ್ತಾನಲ್ಲ, ಇನ್ನೇನು ಬೇಕು?’

ಏನು ಬೇಕು ಅಂತ ನನಗೆ ಗೊತ್ತಾಗಿದ್ದು ಚಿಕ್ಕಮ್ಮ ಒಂದು ವಾರ ಮೈಸೂರಿಗೆ ಹೋದಾಗ. ಮೂರನೇ ದಿನ ಸಂಜೆ ಮನೆಗೆ ಹೋಗಿ ನೋಡಿದರೆ, ಅವನು ಹಿಂದಿನ ದಿನದಿಂದ ಊಟವೇ ಮಾಡಿರಲಿಲ್ಲ. ಫ್ರಿಜ್‌ನಲ್ಲಿ ದೋಸೆ ಹಿಟ್ಟು ಹಾಗೇ ಇತ್ತು. ಸೋಮಾರಿತನವಲ್ಲ. ಹಸಿವು ಅವನಿಗೆ ಹಸಿವಾಗಿ ತಿಳಿಯುವುದಿಲ್ಲ. ತಲೆನೋವಾಗಿಯೋ ಸಿಟ್ಟಾಗಿಯೋ ಬರುತ್ತದೆ. ಹಸಿವು, ಬಾಯಾರಿಕೆ, ಸುಸ್ತು ಇವನ್ನೆಲ್ಲ ಮೈಯೊಳಗಿಂದ ಮಿದುಳಿಗೆ ಮುಟ್ಟಿಸುವ ಅರಿವಿಗೆ ‘ಇಂಟರೊಸೆಪ್ಷನ್’ ಎನ್ನುತ್ತಾರೆ. ಆಟಿಸಂ ಇರುವ ಅನೇಕರಲ್ಲಿ ಅದು ಮಂಕಾಗಿರುತ್ತದೆ. ಕೆಲವರಲ್ಲಿ ಅತಿಯಾಗಿರುತ್ತದೆ. ಹಸಿವು ಗೊತ್ತಾದರೂ ಕಾವಲಿ ಇಡಬೇಕು, ಗ್ಯಾಸ್ ಹಚ್ಚಬೇಕು, ಹಿಟ್ಟು ಹುಯ್ಯಬೇಕು. ಈ ಸಾಲಿನ ಮೊದಲ ಹೆಜ್ಜೆಯೇ ಅವನಿಗೆ ಬೆಟ್ಟ. ಪಕ್ಕದಲ್ಲಿ ಯಾರಾದರೂ ‘ಈಗ ಕಾವಲಿ ಇಡಪ್ಪ’ ಅಂದರೆ ಸಾಕು, ಮುಂದಿನದೆಲ್ಲ ತಾನೇ ಮಾಡುತ್ತಾನೆ. ಇಷ್ಟು ವರ್ಷ ಆ ಮಾತನ್ನು ಚಿಕ್ಕಮ್ಮ ಹೇಳುತ್ತಿದ್ದರು. ಅದಕ್ಕೇ ಅವನಿಗೆ ನೆರವು ಬೇಕು ಅನ್ನುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವರ ಬೀದಿಯಲ್ಲೇ 26ರ ಒಬ್ಬ ಹುಡುಗಿ ಇದ್ದಾಳೆ. ಅವಳಿಗೂ ಆಟಿಸಂ. ಬಾಯಿಂದ ಮಾತು ಬರುವುದಿಲ್ಲ. ಸ್ನಾನಕ್ಕೆ ಅಮ್ಮ ಬೇಕು, ರಸ್ತೆಗೆ ಒಬ್ಬಳನ್ನೇ ಬಿಡುವ ಹಾಗಿಲ್ಲ. ಆದರೆ ಹಸಿವಾದರೆ ಟ್ಯಾಬ್ ತಂದು ಚಿತ್ರಾನ್ನದ ಚಿತ್ರ ಮುಟ್ಟಿ ತೋರಿಸುತ್ತಾಳೆ. ಅವಳ ಎದುರಿಗೇ ‘ಇದಕ್ಕೇನು ಗೊತ್ತಾಗತ್ತೆ’ ಅನ್ನುವವರಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಾತು ಬರದಿರುವುದು ಬೇರೆ, ಅರ್ಥವಾಗದಿರುವುದು ಬೇರೆ, ಅಲ್ವಾ?

ಇಬ್ಬರ ಕಷ್ಟವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅವಳಿಗೆ 24 ಗಂಟೆಯೂ ಜೊತೆಗೊಬ್ಬರು ಬೇಕು. ಅವಳಮ್ಮನಿಗೆ 60 ದಾಟಿದೆ. ‘ನನ್ನ ನಂತರ ಯಾರು’ ಅನ್ನುವ ಪ್ರಶ್ನೆಗೆ ಆ ಮನೆಯಲ್ಲಿ ಇನ್ನೂ ಉತ್ತರವಿಲ್ಲ. ಆದರೆ ಇಬ್ಬರನ್ನೂ ಒಂದೇ ಏಣಿಯ ಮೇಲೆ, ಇವನು ಮೇಲಿನ ಮೆಟ್ಟಿಲು, ಅವಳು ಕೆಳಗಿನ ಮೆಟ್ಟಿಲು ಅಂತ ನಿಲ್ಲಿಸಿದರೆ ಇಬ್ಬರಿಗೂ ಏನು ಬೇಕೆಂದು ತಿಳಿಯುವುದಿಲ್ಲ.

2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಆಟಿಸಂಗೆ ಮೂರು ಹಂತ ಹೇಳುತ್ತದೆ: ನೆರವು ಬೇಕು, ಸಾಕಷ್ಟು ನೆರವು ಬೇಕು, ತುಂಬಾ ಜಾಸ್ತಿ ನೆರವು ಬೇಕು. ಜನ ಮರೆಯುವುದು ಮುಂದಿನ ಮಾತನ್ನು. ಒಬ್ಬರಿಗೆ ಎಲ್ಲಕ್ಕೂ ಸೇರಿಸಿ ಒಂದೇ ಹಂತ ಅಂತ ಗುರುತಿಸುವುದಿಲ್ಲ. ಬೇರೆಯವರೊಂದಿಗಿನ ಮಾತು-ಒಡನಾಟಕ್ಕೆ ಒಂದು, ಪದೇ ಪದೇ ಮಾಡುವ ನಡವಳಿಕೆಗಳಿಗೆ ಇನ್ನೊಂದು. ಸಂದರ್ಭಕ್ಕೆ ತಕ್ಕಂತೆ, ಕಾಲ ಕಳೆದಂತೆ ಅದು ಬದಲಾಗಬಹುದು ಅಂತಲೂ ಅಲ್ಲೇ ಬರೆದಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಆದರೆ ಅಂಗವೈಕಲ್ಯದ ಸರ್ಟಿಫಿಕೇಟ್‌ನಲ್ಲಿ ಕಾಣುವುದು ಶೇಕಡಾ ಇಷ್ಟು ಅನ್ನುವ ಒಂದು ಸಂಖ್ಯೆ. ಸವಲತ್ತಿಗೆ ಅದು ಬೇಕು ನಿಜ. ದೋಸೆ ಹಿಟ್ಟಿನ ಕಥೆ ಅದರಲ್ಲಿ ಕಾಣುವುದಿಲ್ಲ.

ಬದಲಾಗುತ್ತದೆ ಅಂದರೆ ಹೇಗೆ? ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಮ್ಮ ಹುಡುಗ ಮರಗಳ ಬಗ್ಗೆ ಒಂದು ಗಂಟೆ ಮಾತಾಡುತ್ತಾನೆ. ಸೋಮವಾರ ಆಫೀಸಿನಲ್ಲಿ ದಿನವಿಡೀ ಕಷ್ಟಪಟ್ಟು ಕಣ್ಣಲ್ಲಿ ಕಣ್ಣಿಟ್ಟು, ನಗಬೇಕಾದಲ್ಲಿ ನಕ್ಕು, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಹಾರ್ನ್‌ಗಳ ನಡುವೆ ಮನೆಗೆ ಬಂದರೆ ಮಾತೇ ಹೊರಡುವುದಿಲ್ಲ. ಕತ್ತಲು ಕೋಣೆಯಲ್ಲಿ ಸುಮ್ನೆ ಮಲಗುತ್ತಾನೆ. ಪದೇ ಪದೇ ಬರುವ ಸದ್ದಿಗೆ ನಮ್ಮ ಮಿದುಳು ಬೇಗ ಒಗ್ಗಿಕೊಂಡು ಅದನ್ನು ಬದಿಗೆ ತಳ್ಳುತ್ತದೆ. ಆಟಿಸಂ ಇರುವ ಅನೇಕರಲ್ಲಿ ಹೀಗೆ ಒಗ್ಗಿಕೊಳ್ಳುವುದು ನಿಧಾನ. ನೂರನೇ ಹಾರ್ನ್ ಕೂಡ ಮೊದಲನೆಯದರಷ್ಟೇ ಚುಚ್ಚಬಹುದು.

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದರು. ಅವರಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್. ದೊಡ್ಡವರಾಗಿ ಬ್ಯಾಂಕಿನಲ್ಲಿ ದುಡಿದರು, ಕಾರು ಓಡಿಸಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ 11 ಜನರಲ್ಲಿ ಕೆಲವರ ಬದುಕು ಸರ್ಕಾರಿ ಆಸ್ಪತ್ರೆಗಳಲ್ಲೇ ಕಳೆಯಿತು. ಟ್ರಿಪ್ಲೆಟ್‌ಗೆ ಕೆಲಸ ಸಿಕ್ಕಿದ್ದು ಅವರ ಮನೆಯವರಿಗೆ ಸೇರಿದ್ದ ಬ್ಯಾಂಕಿನಲ್ಲಿ. ಅವರ ಸಣ್ಣ ಊರು ಅವರನ್ನು ತನ್ನವನೆಂದು ನೋಡಿಕೊಂಡಿತು.

ಚಿಕ್ಕಮ್ಮ ಮೊನ್ನೆ ಮತ್ತೆ ಮೈಸೂರಿಗೆ ಹೋಗಿದ್ದರು. ಈ ಸಲ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್ ಮಾಡುವ ಸರದಿ ನನ್ನದು. ‘ಈಗ ಕಾವಲಿ ಇಡಪ್ಪ’ ಅಂದೆ. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಗ್ಯಾಸ್ ಹಚ್ಚಿದ.