ಚಾಪ್ಲಿನ್ ಉಳಿದ, ಬ್ರಿಕೊಲೊ ಎಲ್ಲಿ ಹೋದ?

2009ರಲ್ಲಿ ಬೈಂದೂರಿನ ಹತ್ತಿರ ಕಡಲ ದಂಡೆಯಲ್ಲಿ ಒಂದು ಸಿನಿಮಾದ ಶೂಟಿಂಗಿಗಾಗಿ ಚಾರ್ಲಿ ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆ ನಿಲ್ಲಿಸಲು ಹೊರಟಿದ್ದರು, ನೆನಪಿದೆಯಾ? ವಿರೋಧ ಬಂತು, ಕೆಲಸ ನಿಂತಿತು, ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು. ನನಗೆ ಆಗ ಮಜಾ ಅನ್ನಿಸಿದ್ದು ಬೇರೆ ವಿಷಯ. ಪ್ರತಿಮೆ ಬೇಕು ಅಂದವರಿಗೂ ಬೇಡ ಅಂದವರಿಗೂ ಚಾಪ್ಲಿನ್ ಯಾರು ಅಂತ ಚೆನ್ನಾಗಿ ಗೊತ್ತಿತ್ತು.

ಆದರೆ ಅದೇ ಕಾಲದ ಚಾರ್ಲಿ ಬೋವರ್ಸ್? ರೇಮಂಡ್ ಗ್ರಿಫಿತ್? ಲಿಯೊಂಟಿನ್? ಮೂಕಿ ಕಾಲದಲ್ಲಿ ಜನರನ್ನು ನಗಿಸಿದವರು ನೂರಾರು ಮಂದಿ. ನಮ್ಮ ಕೈಗೆ ಸಿಕ್ಕಿದ್ದು ಮೂರು ಹೆಸರು: ಚಾಪ್ಲಿನ್, ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್. ಉಳಿದವರು ಅಷ್ಟು ಚೆನ್ನಾಗಿ ನಗಿಸಲಿಲ್ಲ, ಅದಕ್ಕೇ ಮರೆತುಹೋದರು ಅಂತ ನಾನೂ ಬಹಳ ವರ್ಷ ನಂಬಿದ್ದೆ.

ಆದರೆ ಕಾರಣ ಬೇರೆಯೇ ಇದೆ. ಮೊದಲು ರೀಲಿನ ಕತೆ. ಆಗಿನ ಫಿಲ್ಮ್ ನೈಟ್ರೇಟ್ ಅನ್ನುವ, ಬೇಗ ಬೆಂಕಿ ಹಿಡಿಯುವ ವಸ್ತುವಿನದು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 1927ರ ನಂತರ ಟಾಕಿ ಬಂತು, ಎರಡು ಮೂರು ವರ್ಷದಲ್ಲಿ ಮೂಕಿ ಚಿತ್ರಕ್ಕೆ ಅಮೆರಿಕದಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲವಾಯಿತು. ಗೋದಾಮಿನ ಬಾಡಿಗೆ ಯಾರು ಕೊಡುತ್ತಾರೆ? ಒಂದಷ್ಟನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು, ಒಂದಷ್ಟು ಕೊಳೆತು ಪುಡಿಯಾದವು, ಒಂದಷ್ಟನ್ನು ಬೆಂಕಿ ತಿಂದಿತು. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿ ಫಾಕ್ಸ್ ಕಂಪನಿಯ ಗೋದಾಮು ಸುಟ್ಟಾಗ ಎಷ್ಟೋ ನಟರ ಇಡೀ ಬದುಕಿನ ಕೆಲಸ ಒಂದೇ ರಾತ್ರಿಯಲ್ಲಿ ಹೋಯಿತು. 2013ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಲೆಕ್ಕ ಹೊರತಂದಿತು. ಅಲ್ಲಿ ತಯಾರಾದ ಸುಮಾರು 11,000 ಪೂರ್ಣ ಉದ್ದದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದಿರುವುದು ನೂರಕ್ಕೆ 14. ಈ ಲೆಕ್ಕದಲ್ಲಿ ಒಂದು, ಎರಡು ರೀಲಿನ ಕಿರುಚಿತ್ರಗಳು ಸೇರಿಲ್ಲ. ಹಾಸ್ಯ ಚಿತ್ರಗಳು ಹೆಚ್ಚಾಗಿ ಇದ್ದದ್ದೇ ಆ ಅಳತೆಯಲ್ಲಿ.

ಹಾಗಾದರೆ ಆ ಮೂವರು ಹೇಗೆ ಉಳಿದರು? ಚಾಪ್ಲಿನ್‌ಗೂ ಲಾಯ್ಡ್‌ಗೂ ತಮ್ಮ ಮುಖ್ಯ ಚಿತ್ರಗಳ ಮೇಲೆ ತಮ್ಮದೇ ಹಕ್ಕಿತ್ತು, ರೀಲು ಇಡಲು ದುಡ್ಡೂ ಜಾಗವೂ ಇತ್ತು. ಹಾಗಿದ್ದೂ 1943ರಲ್ಲಿ ಲಾಯ್ಡ್ ಮನೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅವನ ಎಷ್ಟೋ ಹಳೆಯ ಚಿತ್ರಗಳು ಹೋದವು. ಕೀಟನ್‌ದು ಬರೀ ಅದೃಷ್ಟ. ಅವನ ಹಳೆಯ ಬಂಗಲೆ ಆಮೇಲೆ ನಟ ಜೇಮ್ಸ್ ಮೇಸನ್ ಕೈಗೆ ಬಂತು, 1950ರ ದಶಕದಲ್ಲಿ ಅಲ್ಲೇ ರೀಲುಗಳು ಸಿಕ್ಕವು. ಇದಕ್ಕೂ ಸ್ವಲ್ಪ ಮೊದಲು, 1949ರಲ್ಲಿ, ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ ವಿಮರ್ಶಕ ಜೇಮ್ಸ್ ಏಜಿ ಮೂಕಿ ಹಾಸ್ಯದ ಬಗ್ಗೆ ಒಂದು ಲೇಖನ ಬರೆದರು. ಈ ಮೂವರ ಜೊತೆ ಹ್ಯಾರಿ ಲ್ಯಾಂಗ್ಡನ್ ಸೇರಿಸಿ ನಾಲ್ವರನ್ನು ಎತ್ತಿ ಹಿಡಿದರು. ಒಳ್ಳೆಯ ಲೇಖನವೇ, ಪ್ರೀತಿಯಿಂದಲೇ ಬರೆದದ್ದು. ಆದರೆ ಓದಿದವರು ಅದನ್ನೇ ಪಟ್ಟಿ ಮಾಡಿಕೊಂಡರು. ಹುಡುಕುವವರು ಪಟ್ಟಿಯಲ್ಲಿದ್ದವರನ್ನೇ ಹುಡುಕಿದರು, ಸಿಕ್ಕಿದ್ದನ್ನೇ ತೋರಿಸಿದರು, ತೋರಿಸಿದ್ದನ್ನೇ ಜನ ನೋಡಿದರು.

ನನಗೆ ಈ ಇಡೀ ಕತೆಯಲ್ಲಿ ತುಂಬ ಇಷ್ಟ ಬೋವರ್ಸ್‌ದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ.

ಬೋವರ್ಸ್ ಮೂಲತಃ ಕಾರ್ಟೂನಿನವನು. 1926ರ ಸುಮಾರಿಗೆ ತಾನೇ ನಟನಾಗಿ ಕಿರುಚಿತ್ರ ಮಾಡಲು ಶುರುಮಾಡಿದ. ನಡುನಡುವೆ ಬೊಂಬೆಗಳನ್ನು ಇಷ್ಟಿಷ್ಟೇ ಸರಿಸಿ, ಒಂದೊಂದೇ ಚೌಕಟ್ಟು ಹಿಡಿದು, ಅವಕ್ಕೆ ಜೀವ ತುಂಬುತ್ತಿದ್ದ. ಒಂದು ಚಿತ್ರದಲ್ಲಿ ಒಡೆಯದ ಮೊಟ್ಟೆ ಕಂಡುಹಿಡಿಯಲು ಹೊರಡುತ್ತಾನೆ. ಕಾರಿನ ಬಾನೆಟ್ ಕೆಳಗೆ ಇಟ್ಟ ಮೊಟ್ಟೆಗಳು ಕಾವಿಗೆ ಒಡೆಯುತ್ತವೆ, ಒಳಗಿನಿಂದ ಮರಿ ಕಾರುಗಳು ತೆವಳಿಕೊಂಡು ಬರುತ್ತವೆ! ಇನ್ನೊಂದರಲ್ಲಿ ಸುಳ್ಳುಗಾರರ ಕ್ಲಬ್ಬು, ಗಿಡದಲ್ಲಿ ಬಿಡುವ ಬೆಕ್ಕುಗಳು, ಪಿಸ್ತೂಲು ಹಿಡಿದ ಇಲಿ. ಮೊದಲ ಸಲ ನೋಡಿದಾಗ ಇದು ಈಗಿನವರು ಯಾರೋ ಹಳೆಯದರಂತೆ ಮಾಡಿದ್ದು ಅಂದುಕೊಂಡೆ.

1946ರಲ್ಲಿ ಬೋವರ್ಸ್ ತೀರಿಕೊಂಡ. ಅಷ್ಟು ಹೊತ್ತಿಗೆ ಅವನನ್ನು ಹೆಚ್ಚು ಜನ ಮರೆತಿದ್ದರು. 1960ರ ದಶಕದಲ್ಲಿ ಫ್ರಾನ್ಸಿನ ತುಲೂಸ್ ಚಿತ್ರ ಭಂಡಾರದ ರೇಮೋ ಬೋರ್ಡ್ ಊರೂರು ತಿರುಗುವ ಜಿಪ್ಸಿಗಳಿಂದ ಕೆಲವು ರೀಲಿನ ಡಬ್ಬಿ ಕೊಂಡರು. ಡಬ್ಬಿಯ ಮೇಲೆ 'ಬ್ರಿಕೊಲೊ' ಅಂತಷ್ಟೇ ಇತ್ತು. ಫ್ರಾನ್ಸಿನಲ್ಲಿ ಬೋವರ್ಸ್‌ಗೆ ಇಟ್ಟಿದ್ದ ಹೆಸರು ಅದು. ಒಳಗಿನ ಚಿತ್ರ ಅದ್ಭುತ, ಆದರೆ ತೆರೆಯ ಮೇಲಿರುವ ಈ ಮನುಷ್ಯ ಯಾರು? ಹಳೆಯ ಕಾಗದಪತ್ರ ಕೆದಕಿ ಬ್ರಿಕೊಲೊ ಅಂದರೆ ಬೋವರ್ಸ್ ಅಂತ ಪತ್ತೆ ಮಾಡಬೇಕಾಯಿತು. ಯೋಚಿಸಿ, ತನ್ನ ದೇಶದಲ್ಲಿ ಕಳೆದುಹೋದವನು ಬೇರೆ ದೇಶದಲ್ಲಿ, ಬೇರೆ ಹೆಸರಿನಲ್ಲಿ, ಗುಜರಿ ಸಾಮಾನಿನಂಥ ಡಬ್ಬಿಯಲ್ಲಿ ಸಿಕ್ಕ.

ಗ್ರಿಫಿತ್‌ದು ಇನ್ನೊಂದು ಬಗೆ. ರೇಷ್ಮೆ ಟೋಪಿ, ಕೋಟು, ಪ್ರಾಣ ಹೋಗುವಾಗಲೂ ಕದಲದ ಮುಖ. ನಾಯಕನಾಗಿ ಮಾಡಿದ ಹಲವು ಚಿತ್ರಗಳು ಹೋದವು, 1925ರದ್ದೊಂದು ಉಳಿದಿದ್ದರೂ ಕೊನೆಯ ರೀಲೇ ಇಲ್ಲ. ಗಂಟಲು ಕೆಟ್ಟಿದ್ದರಿಂದ ಅವನಿಗೆ ಪಿಸುಮಾತು ಬಿಟ್ಟರೆ ದನಿ ಹೊರಡುತ್ತಿರಲಿಲ್ಲ. ಟಾಕಿ ಬಂದ ಮೇಲೆ 1930ರ ಒಂದು ಪ್ರಸಿದ್ಧ ಯುದ್ಧ ಚಿತ್ರದಲ್ಲಿ ಮಾತೇ ಇಲ್ಲದೆ ಸಾಯುವ ಸೈನಿಕನಾಗಿ ಕಾಣಿಸಿದ. ಅಲ್ಲಿಗೆ ನಟನೆ ಮುಗಿಯಿತು.

ಹೆಂಗಸರ ಮಾತು ಬಂದರೆ ಇನ್ನೂ ಕಷ್ಟ. ಲಿಯೊಂಟಿನ್ ಅನ್ನುವುದು ಫ್ರಾನ್ಸಿನ ಪಾತೆ ಚಿತ್ರ ಕಂಪನಿ 1910ರ ಹೊತ್ತಿಗೆ ತೆಗೆದ ಸರಣಿಯ ತುಂಟ ಹುಡುಗಿ. ಮನೆಗೆ ನೀರು ನುಗ್ಗಿಸುತ್ತಾಳೆ, ಸಾಮಾನು ಪುಡಿ ಮಾಡುತ್ತಾಳೆ. ಚಿತ್ರಗಳು ಸಿಕ್ಕಿವೆ, ಜನ ಮತ್ತೆ ಬಿದ್ದು ಬಿದ್ದು ನಗುತ್ತಿದ್ದಾರೆ. ಆ ಪಾತ್ರ ಮಾಡಿದ ನಟಿಯ ಹೆಸರು ಮಾತ್ರ ಸಿಕ್ಕಿಲ್ಲ.

ಈಗ ಹುಡುಕುವ ರೀತಿಯೇ ಬದಲಾಗಿದೆ. ಉಳಿದದ್ದರಲ್ಲಿ ಬಹಳಷ್ಟು ಸ್ಟುಡಿಯೊಗಳಲ್ಲಿ ಸಿಕ್ಕಿದ್ದಲ್ಲ. 1920ರ ದಶಕದಲ್ಲಿ ಶ್ರೀಮಂತರು ಮನೆಯಲ್ಲಿ ನೋಡಲು ತರಿಸುತ್ತಿದ್ದ 16 ಎಂಎಂ, 9.5 ಎಂಎಂ ಅಗಲದ ಸಣ್ಣ ಪ್ರಿಂಟುಗಳು ಅವು. ಬೇಗ ಹೊತ್ತಿಕೊಳ್ಳದ ಫಿಲ್ಮ್, ಅಟ್ಟದ ಮೇಲೆ ಹಾಗೇ ಕೂತಿತ್ತು. ಅಮೆರಿಕದ ಕಲ್ಪೆಪರ್‌ನಲ್ಲಿ 2012ರಲ್ಲಿ ಶುರುವಾದ ಒಂದು ಕೂಟದಲ್ಲಿ ಗುರುತು ಸಿಗದ ರೀಲುಗಳನ್ನು ತೆರೆಯ ಮೇಲೆ ಓಡಿಸುತ್ತಿದ್ದರು. ಕೂತವರು ಕಾರಿನ ನಂಬರ್ ಪ್ಲೇಟು, ಅಂಗಡಿ ಬೋರ್ಡು ನೋಡಿ ಯಾವ ಚಿತ್ರ ಅಂತ ಕೂಗಿ ಹೇಳಬೇಕಿತ್ತು. 2015ರಲ್ಲಿ ಲಾರೆಲ್-ಹಾರ್ಡಿಯ 1927ರ ಕಡುಬು ಎರಚಾಟದ ಕಳೆದುಹೋಗಿದ್ದ ರೀಲು ಸಿಕ್ಕಿತು ಅನ್ನುವ ಸುದ್ದಿ ಹೊರಬಿದ್ದದ್ದು ಅಲ್ಲೇ. ಸಿಕ್ಕಿದ್ದು ಒಬ್ಬ ಸಂಗ್ರಾಹಕರ 16 ಎಂಎಂ ಪ್ರಿಂಟಿನಲ್ಲಿ.

ನಮ್ಮಲ್ಲಿ? ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ಬಂದಿದ್ದವು, ಉಳಿದಿರುವುದು ಬೆರಳೆಣಿಕೆ. ಹಾಸ್ಯದಲ್ಲಿ ಬಂಗಾಳದ 'ಜಮಾಯಿ ಬಾಬು' ಇದೆ, 1931ರದ್ದು. ಕಲ್ಕತ್ತೆಗೆ ಬಂದು ದಾರಿ ತಪ್ಪುವ ಹಳ್ಳಿ ಅಳಿಯನ ಕತೆ. ಕಾಳಿಪದ ದಾಸ್ ತಾವೇ ಅಳಿಯನಾಗಿ ತಾವೇ ನಿರ್ದೇಶಿಸಿದ್ದು. ನಗುವಿನ ಜೊತೆ ಆಗಿನ ಕಲ್ಕತ್ತೆಯ ಬೀದಿಗಳೂ ಉಳಿದುಕೊಂಡಿವೆ. ಬೆಂಗಳೂರಿನಲ್ಲೂ ಅದೇ ಹೊತ್ತಿಗೆ ಗುಬ್ಬಿ ವೀರಣ್ಣನವರು ಮೂಕಿ ಚಿತ್ರಗಳಿಗೆ ಕೈ ಹಾಕಿದ್ದರು. ರಂಗದ ಮೇಲೆ ಬಂದು ನಿಂತರೆ ಸಾಕು ಜನ ನಗುತ್ತಿದ್ದ ಆ ಮನುಷ್ಯ ಮಾತಿಲ್ಲದೆ ಹೇಗೆ ನಗಿಸಿರಬಹುದು ಅಂತ ನೋಡಲು ನಮಗೆ ರೀಲೇ ಇಲ್ಲ.

ಅಜ್ಜನ ಕಾಲದ ಮನೆ ಕೆಡವುವಾಗ ಅಟ್ಟದಲ್ಲಿ ಚಪ್ಪಟೆ ತಗಡಿನ ಡಬ್ಬಿ ಸಿಕ್ಕರೆ ಗುಜರಿಯವನನ್ನು ಕರೆಯಬೇಡಿ, ಪುಣೆಯ ಫಿಲ್ಮ್ ಆರ್ಕೈವ್‌ಗೆ ತಿಳಿಸಿ. ಮತ್ತೆ ಒಳಗೇನಿದೆ ಅಂತ ನೋಡಲು ಸುಮ್ನೆ ಕಡ್ಡಿ ಗೀರಬೇಡಿ.