ತೆಗೆದ ಡ್ರೈವರ್ ಮತ್ತೆ ಕೂರುವುದಿಲ್ಲ ಏಕೆ?

ಪೋರ್ಟಿಗೆ ಜೋಡಿಸಿದ ಯಂತ್ರ ಮಾತಾಡುವುದನ್ನು ನಿಲ್ಲಿಸಿದರೆ ಲಿನಕ್ಸ್ ಬಲ್ಲವರು ಮೊದಲು ಮಾಡುವ ಕೆಲಸವೊಂದಿದೆ: ಅದರ ಡ್ರೈವರ್ ಮಾಡ್ಯೂಲನ್ನು, ಅಂದರೆ ಆ ಯಂತ್ರವನ್ನು ನಡೆಸುವ ಕೋಡಿನ ತುಂಡನ್ನು, ‘ಆರ್‌ಎಂಮಾಡ್’ ಕಮಾಂಡಿನಿಂದ ಇಳಿಸುವುದು, ‘ಮಾಡ್‌ಪ್ರೋಬ್’ನಿಂದ ಮತ್ತೆ ಏರಿಸುವುದು. ಎಷ್ಟೋ ಸಲ ಇದು ಕೈಕೊಡುತ್ತದೆ. ಮಾಡ್ಯೂಲ್ ಬಳಕೆಯಲ್ಲಿದೆ ಎಂದು ಕರ್ನಲ್ (ಹಾರ್ಡ್‌ವೇರನ್ನು ಆಳುವ, ಲಿನಕ್ಸಿನ ತಿರುಳಾದ ಪ್ರೋಗ್ರಾಂ) ಇಳಿಸಲು ಒಪ್ಪುವುದಿಲ್ಲ. ಇಲ್ಲವೇ ಇಳಿಸಲು ಬಿಟ್ಟು, ಏರಿಸುವಾಗ ‘ಡಿವೈಸ್ ಬ್ಯುಸಿ’ ಎನ್ನುವ ದೋಷವನ್ನು, ಅಂದರೆ ಮೈನಸ್ 16 ಎಂಬ ಸಂಖ್ಯೆಯನ್ನು, ಕೈಗಿಡುತ್ತದೆ. ಮೂರನೆಯದು ಇನ್ನೂ ಸತಾಯಿಸುವಂಥದ್ದು: ಇಳಿಯುತ್ತದೆ, ಏರುತ್ತದೆ, ಒಂದೇ ಒಂದು ದೂರೂ ಇಲ್ಲ, ಪೋರ್ಟ್ ಮಾತ್ರ ಮೊದಲಿನಂತೆಯೇ ಮೂಕ. ರೀಬೂಟ್ ಮಾಡಿದರೆ ಬಹುಪಾಲು ಎಲ್ಲ ಸರಿ. ಬೂಟ್ ಆಗುವಾಗ ತಕರಾರಿಲ್ಲದೆ ಕೂತ ಡ್ರೈವರ್ ಒಂದು ಗಂಟೆ ಬಿಟ್ಟು ಕೂರಲು ಒಲ್ಲೆ ಎನ್ನುವುದೇಕೆ?

ದೂರು ಕಾಣಿಸಿಕೊಳ್ಳುವುದು ಏರಿಸುವಾಗ. ತಪ್ಪು ನಡೆದಿರುವುದು ಬಹುಪಾಲು ಇಳಿಸಿದಾಗ. ಬಾಡಿಗೆ ಮನೆಗೆ ಸೇರಿಕೊಳ್ಳುವುದು ಸಲೀಸು, ಖಾಲಿ ಮಾಡುವಾಗಲೇ ಕರೆಂಟ್ ಬಿಲ್ಲು, ಹಾಲಿನವರ ಬಾಕಿ, ಯಾರಿಗೋ ಕೊಟ್ಟಿದ್ದ ಇನ್ನೊಂದು ಬೀಗದ ಕೈ ಎಲ್ಲ ನೆನಪಾಗುವುದು. ಡ್ರೈವರ್ ಕೂಡ ಕೂರುವಾಗ ಪೋರ್ಟ್ ವಿಳಾಸಗಳನ್ನು, ಇಂಟರಪ್ಟ್ ಲೈನನ್ನು (ಯಂತ್ರವು ಪ್ರೊಸೆಸರಿನ ಗಮನ ಸೆಳೆಯುವ ತಂತಿಯನ್ನು), ಮೆಮೊರಿಯನ್ನು, ಟೈಮರ್‌ಗಳನ್ನು, ಡಿವೈಸ್ ಫೈಲಿನ ಹೆಸರನ್ನು ಕರ್ನಲ್‌ನಿಂದ ಪಡೆಯುತ್ತದೆ. ಹೋಗುವಾಗ ಒಂದೊಂದನ್ನೂ ತಿರುವುಮುರುವಾಗಿ, ಕಡೆಯದು ಮೊದಲು ಎಂಬಂತೆ, ಹಿಂದಿರುಗಿಸಬೇಕು. ಕೂರುವ ಕೋಡ್ ಪ್ರತಿ ಬೂಟಿನಲ್ಲೂ ಓಡುವುದರಿಂದ ಅದರ ಲೋಪಗಳು ಬೇಗ ಸಿಕ್ಕಿಬೀಳುತ್ತವೆ. ಏಳುವ ಕೋಡನ್ನು ಪರೀಕ್ಷಿಸುವವರು ಕಡಿಮೆ. ಲಿನಕ್ಸ್ ಚರಿತ್ರೆಯಲ್ಲಿ ಈ ಎರಡನೆಯದಕ್ಕೆ ಮೊದಲಿನಿಂದಲೂ ಮಲತಾಯಿ ಧೋರಣೆಯೇ.

1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಕರ್ನಲನ್ನು ಶುರುಮಾಡಿದಾಗ ಡ್ರೈವರುಗಳೆಲ್ಲ ಅದರೊಳಗೇ ಬೆಸೆದುಕೊಂಡಿದ್ದವು. ಓಡುತ್ತಿರುವಾಗಲೇ ಸೇರಿಸಿ ತೆಗೆಯಬಹುದಾದ ಮಾಡ್ಯೂಲ್‌ಗಳು 1995ರ 1.2 ಆವೃತ್ತಿಯ ಹೊತ್ತಿಗೆ ರೂಢಿಗೆ ಬಂದವು. ಆಗಿನ ಕಂಪ್ಯೂಟರುಗಳ ಮೆಮೊರಿ ಕೆಲವೇ ಮೆಗಾಬೈಟ್. ಬೇಡದ ಡ್ರೈವರನ್ನು ಇಳಿಸಿದರೆ ಅಷ್ಟು ಜಾಗ ಉಳಿತಾಯ. ‘ಕರ್ನಲ್‌ಡಿ’ ಎಂಬ ಹಿನ್ನೆಲೆ ಪ್ರೋಗ್ರಾಂ ಬೇಕಾದ ಮಾಡ್ಯೂಲನ್ನು ತಾನಾಗಿಯೇ ತಂದು ಕೂರಿಸಿ, ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಕಿತ್ತುಹಾಕುತ್ತಿತ್ತು. ಸೌಂಡ್ ಕಾರ್ಡಿನ ಡ್ರೈವರ್ ಹೀಗೆ ಹೋಗಿ ಬಂದಾಗ ನೀವು ಹೊಂದಿಸಿಟ್ಟ ವಾಲ್ಯೂಮ್ ಮಾಯ. ಹೋಗಿ ಬರುವುದೆಂದರೆ ಹಾಗೇ ಇದ್ದುಬಿಡುವುದಲ್ಲ ಎಂಬ ಸುಳಿವು ಆಗಲೇ ಸಿಕ್ಕಿತ್ತು.

ಆ ಕಾಲದ ಪಿಸಿಯಲ್ಲಿ ಪೋರ್ಟಿಗೆ ಖಾಯಂ ವಿಳಾಸ. ಮೊದಲ ಸೀರಿಯಲ್ ಪೋರ್ಟಿಗೆ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 3ಎಫ್8, ಇಂಟರಪ್ಟ್ 4. ಪ್ಯಾರಲಲ್ ಪೋರ್ಟಿಗೆ ಸಾಮಾನ್ಯವಾಗಿ ಹೆಕ್ಸ್ 378, ಇಂಟರಪ್ಟ್ 7. ಜಾಗ ಒಂದೇ, ಹಕ್ಕುದಾರರು ಹಲವರು. ಜಗಳ ಜೋರಾಗಿದ್ದು ಐಒಮೆಗಾ ಕಂಪನಿಯ ಜಿಪ್ ಡ್ರೈವ್ ಬಂದ ಮೇಲೆ. 100 ಮೆಗಾಬೈಟ್ ಹಿಡಿಸುವ ಈ ಪೆಟ್ಟಿಗೆಯ ಒಂದು ಮಾದರಿ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿಕೊಂಡು, ಪ್ರಿಂಟರನ್ನು ತನ್ನ ಬೆನ್ನಿಗೆ ಕಟ್ಟಿಕೊಳ್ಳುತ್ತಿತ್ತು. ತಂತಿಯ ಮಟ್ಟಿಗೆ ಹೊಂದಾಣಿಕೆಯಾಯಿತು, ಡ್ರೈವರುಗಳಿಗೆ ಆಗಲಿಲ್ಲ. ಲಿನಕ್ಸ್ 2.0ರಲ್ಲಿ ಪ್ರಿಂಟರಿನ ‘ಎಲ್‌ಪಿ’, ಜಿಪ್‌ನ ‘ಪಿಪಿಎ’ ಒಂದೇ ಪೋರ್ಟಿನಲ್ಲಿ ಕೂಡಿ ಬಾಳುವಂತಿರಲಿಲ್ಲ. ಫೈಲ್ ನಕಲು ಮಾಡಬೇಕೇ? ಎಲ್‌ಪಿ ಇಳಿಸಿ, ಪಿಪಿಎ ಏರಿಸಿ. ಮುದ್ರಿಸಬೇಕೇ? ಉಲ್ಟಾ. ಡ್ರೈವರ್ ಮರುಲೋಡ್ ಎಂಬುದು ಆಗ ದುರಸ್ತಿಯ ಉಪಾಯವಲ್ಲ, ದಿನನಿತ್ಯದ ಕೆಲಸ.

1999ರ ಆರಂಭದಲ್ಲಿ ಬಂದ 2.2 ಆವೃತ್ತಿಯು ನಡುವೆ ಒಬ್ಬ ಪಂಚಾಯತಿದಾರನನ್ನು ಕೂರಿಸಿತು: ‘ಪಾರ್‌ಪೋರ್ಟ್’. ಹಾರ್ಡ್‌ವೇರ್ ಮುಟ್ಟುವ ಹಕ್ಕು ಕೆಳಗಿನ ‘ಪಾರ್‌ಪೋರ್ಟ್ ಪಿಸಿ’ ಮಾಡ್ಯೂಲಿಗೆ ಮಾತ್ರ. ಎಲ್‌ಪಿ, ಪಿಪಿಎ ಮುಂತಾದವು ಸರದಿಯ ಮೇಲೆ ಕೇಳಿ ಪಡೆಯಬೇಕು, ಮುಗಿದ ಮೇಲೆ ಬಿಟ್ಟುಕೊಡಬೇಕು. ಒಳ್ಳೆಯ ವಿನ್ಯಾಸ. ಅದರ ಜೊತೆಗೇ ಹೊಸ ತೊಡಕೂ ಬಂತು. ಈಗ ಕೆಳಗಿನ ಮಾಡ್ಯೂಲ್ ತೆಗೆಯಬೇಕಾದರೆ ಮೇಲೆ ಕೂತವರನ್ನೆಲ್ಲ ಮೊದಲು ಎಬ್ಬಿಸಬೇಕು. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವಿತರಣೆಗಳ (ಸಿದ್ಧ ಲಿನಕ್ಸ್ ಕಟ್ಟುಗಳ) ಎಷ್ಟೋ ಆವೃತ್ತಿಗಳಲ್ಲಿ ಮುದ್ರಣದ ಪ್ಯಾಕೇಜು ಎಲ್‌ಪಿ, ಪಿಪಿಡೆವ್ (ಪ್ರೋಗ್ರಾಂಗಳು ಪೋರ್ಟನ್ನು ನೇರವಾಗಿ ಬಳಸಲು ಬಿಡುವ ಮಾಡ್ಯೂಲ್), ಪಾರ್‌ಪೋರ್ಟ್ ಪಿಸಿ ಈ ಮೂರನ್ನೂ ಬೂಟ್ ಹೊತ್ತಿಗೇ ಏರಿಸುವ ಪಟ್ಟಿಯೊಂದನ್ನು ಇಟ್ಟಿರುತ್ತದೆ. ಮದರ್‌ಬೋರ್ಡಿನಲ್ಲಿ ಅಂಥ ಪೋರ್ಟೇ ಇಲ್ಲದಿದ್ದರೂ ಸರಿ. ಪಾಸ್‌ಬುಕ್ ಮುದ್ರಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಇನ್ನೂ ಕಿರುಗುಟ್ಟುತ್ತಿರುವ ನಮ್ಮ ಊರುಗಳಲ್ಲಿ ಈ ಮೂವರ ಪರಿಚಯ ಹಳೆಯ ಮಾತಾಗಿಲ್ಲ.

‘ಎಲ್‌ಎಸ್‌ಮಾಡ್’ ಕಮಾಂಡ್ ತೋರಿಸುವ ಕೊನೆಯ ಕಾಲಂ ಯಾರು ಯಾರನ್ನು ಹಿಡಿದಿದ್ದಾರೆ ಎಂಬುದನ್ನು ಹೇಳುತ್ತದೆ. ಅಲ್ಲಿ ಹೆಸರಿದ್ದರೆ ಹಿಡಿದಿರುವುದು ಇನ್ನೊಂದು ಮಾಡ್ಯೂಲ್. ಹೆಸರಿಲ್ಲದೆ ಬರೀ ಸಂಖ್ಯೆಯಿದ್ದರೆ ಸಾಮಾನ್ಯವಾಗಿ ಯಾವುದೋ ಪ್ರೋಗ್ರಾಂ ಡಿವೈಸ್ ಫೈಲನ್ನು ತೆರೆದಿಟ್ಟುಕೊಂಡಿದೆ. ‘ಫ್ಯೂಸರ್’ ಅದರ ಗುರುತು ಹಿಡಿಯುತ್ತದೆ. ‘ಪರ್ಮನೆಂಟ್’ ಎಂದಿದ್ದರೆ ಆ ಮಾಡ್ಯೂಲಿಗೆ ಏಳುವ ಕೋಡೇ ಇಲ್ಲ, ಪ್ರಯತ್ನ ಅಲ್ಲಿಗೇ ನಿಲ್ಲಿಸಬಹುದು.

ಇಳಿದ ಮೇಲೂ ಪೋರ್ಟ್ ಬ್ಯುಸಿ ಎನ್ನುತ್ತಿದ್ದರೆ ನೋಡಬೇಕಾದದ್ದು ‘ಪ್ರಾಕ್’ ಡೈರೆಕ್ಟರಿಯಲ್ಲಿರುವ ‘ಐಒಪೋರ್ಟ್ಸ್’ ಫೈಲನ್ನು. ಯಾವ ವಿಳಾಸ ಯಾರ ಹೆಸರಿನಲ್ಲಿದೆ ಎಂಬುದರ ಪಹಣಿ ಅದು. ಪೂರ್ಣ ಸೌಲಭ್ಯವಿರುವ ಒಂದು ಪ್ಯಾರಲಲ್ ಪೋರ್ಟ್ ಅಲ್ಲಿ ಮೂರು ತುಂಡು ಜಮೀನು ಹಿಡಿದಿರುತ್ತದೆ: 378ರಿಂದ 37ಎ, 37ಬಿಯಿಂದ 37ಎಫ್, ಮತ್ತು ದೂರದ 778ರಿಂದ 77ಎ. ಡ್ರೈವರ್ ಬರೆದವರು ಏಳುವಾಗ ಒಂದು ತುಂಡನ್ನು ಬಿಡಲು ಮರೆತರೂ ಮುಂದಿನ ಸಲ ಆ ತುಂಡು ಸಿಗದು. ಇಲ್ಲೊಂದು ವಿಚಿತ್ರವಿದೆ. ಹಿಡಿದವರ ಹೆಸರನ್ನು ಕರ್ನಲ್ ನಕಲು ಮಾಡಿಕೊಳ್ಳುವುದಿಲ್ಲ, ಆ ಹೆಸರಿರುವ ಮೆಮೊರಿಯ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಹೆಸರು ಇದ್ದದ್ದು ಮಾಡ್ಯೂಲಿನೊಳಗೆ. ಮಾಡ್ಯೂಲ್ ಹೋದಮೇಲೆ ಅಲ್ಲಿ ಏನೂ ಇಲ್ಲ. ಹಾಗಾಗಿ ತಪ್ಪು ಹುಡುಕಲೆಂದು ಈ ಫೈಲನ್ನು ಓದಲು ಹೋದರೆ ಓದುವ ಕೆಲಸವೇ ಕರ್ನಲ್‌ನೊಳಗೆ ಮುಗ್ಗರಿಸಬಹುದು.

ಇದೇ ಜಾತಿಯ ಇನ್ನೊಂದು ಜಗಳ ಸೀರಿಯಲ್ ಪೋರ್ಟಿನದು. ಟಿವಿ ರಿಮೋಟಿನ ಅತಿಗೆಂಪು ಸಂಕೇತ ಹಿಡಿಯಲು ಹವ್ಯಾಸಿಗಳು ಬಳಸುತ್ತಿದ್ದ ‘ಲಿರ್ಕ್ ಸೀರಿಯಲ್’ ಡ್ರೈವರ್ ಕೂರಲು ಹೋದಾಗಲೆಲ್ಲ 3ಎಫ್8 ಆಗಲೇ ಬೇರೆಯವರ ಬಳಿಯಿದೆ ಎಂಬ ಉತ್ತರ. ಬೇರೆಯವರೆಂದರೆ ಕರ್ನಲಿನ ಮಾಮೂಲಿ ಸೀರಿಯಲ್ ಡ್ರೈವರೇ. ಬಹಳ ಕಡೆ ಅದು ಮಾಡ್ಯೂಲ್ ಆಗಿರದೆ ಕರ್ನಲಿನೊಳಗೇ ಇರುವುದರಿಂದ ಇಳಿಸುವಂತಿಲ್ಲ. ‘ಸೆಟ್‌ಸೀರಿಯಲ್’ ಕಮಾಂಡಿನಿಂದ ಆ ಪೋರ್ಟಿನಲ್ಲಿ ಚಿಪ್ಪೇ ಇಲ್ಲವೆಂದು ಅದಕ್ಕೆ ಸುಳ್ಳು ಹೇಳಿ ಬಿಡಿಸಿಕೊಳ್ಳುವುದು ರೂಢಿಯಾಯಿತು. ಲಿರ್ಕ್ ಡ್ರೈವರಿನ ದೋಷಸಂದೇಶವೇ ಈ ಸುಳ್ಳನ್ನು ಹೇಳಿಕೊಡುತ್ತಿತ್ತು!

ಇದೆಲ್ಲ ಒಂದೊಂದು ಡ್ರೈವರಿನ ಲೋಪ. ಮಾಡ್ಯೂಲ್ ವ್ಯವಸ್ಥೆಯ ಬುಡದಲ್ಲೇ ಇದ್ದ ಬಿರುಕು ಇದಕ್ಕಿಂತ ಆಳದ್ದು. ಹಳೆಯ ಪದ್ಧತಿಯಲ್ಲಿ ಮಾಡ್ಯೂಲ್ ತನ್ನ ಬಳಕೆಯ ಎಣಿಕೆಯನ್ನು ತಾನೇ ಇಟ್ಟುಕೊಳ್ಳುತ್ತಿತ್ತು: ಯಾರಾದರೂ ಡಿವೈಸ್ ತೆರೆದರೆ ಒಂದು ಕೂಡಿಸು, ಮುಚ್ಚಿದರೆ ಒಂದು ಕಳೆ. ಆದರೆ ಕೂಡಿಸುವ ಆ ಸಾಲಿರುವುದೂ ಮಾಡ್ಯೂಲಿನೊಳಗೇ. ಬಳಕೆದಾರ ಒಳಗೆ ಕಾಲಿಟ್ಟು, ಎಣಿಕೆ ಏರುವ ಮುನ್ನ, ಇನ್ನೊಂದು ಪ್ರೊಸೆಸರಿನಲ್ಲಿ ಯಾರೋ ಆರ್‌ಎಂಮಾಡ್ ಓಡಿಸಿದರೆ? ಎಣಿಕೆ ಸೊನ್ನೆ, ಮಾಡ್ಯೂಲ್ ಹೋಯಿತು, ಒಳಗೆ ಕಾಲಿಟ್ಟವನು ಇಲ್ಲದ ಕೋಡಿನ ಮೇಲೆ ನಿಂತಿದ್ದಾನೆ. ಒಂದೇ ಪ್ರೊಸೆಸರಿನ ಕಾಲದಲ್ಲಿ ಇದು ಅಪರೂಪವಾಗಿತ್ತು, ಹಲವು ಪ್ರೊಸೆಸರಿನ ಯಂತ್ರಗಳು ಬಂದ ಮೇಲೆ ಹಾಗೆನ್ನುವಂತಿರಲಿಲ್ಲ. 2001ರ 2.4 ಆವೃತ್ತಿಯಲ್ಲಿ ಎಣಿಕೆಯನ್ನು ಹೊರಗಿನವರೇ ಏರಿಸುವ ವ್ಯವಸ್ಥೆ ಕೆಲವೆಡೆ ಬಂತು, ಎಲ್ಲ ಕಡೆ ಅಲ್ಲ.

ಈ ಬಿರುಕು ಮುಚ್ಚಲು ಕೈಹಾಕಿದವರು ಆಸ್ಟ್ರೇಲಿಯಾದ ರಸ್ಟಿ ರಸೆಲ್. 2002ರಲ್ಲಿ ಒಟ್ಟಾವಾದಲ್ಲಿ ಸೇರಿದ್ದ ಕರ್ನಲ್ ಅಭಿವೃದ್ಧಿಕಾರರ ಮುಂದೆ ಅವರು ಇಟ್ಟ ಆಯ್ಕೆಗಳಲ್ಲಿ ಮಾಡ್ಯೂಲ್ ಇಳಿಸುವ ಸೌಲಭ್ಯವನ್ನೇ ಕೈಬಿಡುವುದೂ ಒಂದಾಗಿತ್ತು. ಕೈಬಿಡಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ 2.5.48ರೊಂದಿಗೆ ಅವರ ಹೊಸ ಲೋಡರ್ ಬಂತು. ಮಾಡ್ಯೂಲನ್ನು ಕರ್ನಲಿಗೆ ಬೆಸೆಯುವ ಕೆಲಸ ಹೊರಗಿನ ಪ್ರೋಗ್ರಾಮಿನಿಂದ ಕರ್ನಲಿನೊಳಕ್ಕೆ ಬಂತು. ಒಳಗೆ ಕಾಲಿಡುವ ಮುನ್ನವೇ ಹೊರಗಿನವರು ಅನುಮತಿ ಕೇಳಬೇಕು, ಮಾಡ್ಯೂಲ್ ಹೊರಡುವ ಸ್ಥಿತಿಯಲ್ಲಿದ್ದರೆ ಅನುಮತಿ ಇಲ್ಲ ಎಂಬ ನಿಯಮವಾಯಿತು. ಹಳೆಯ ಉಪಕರಣಗಳು ಕೆಲಸ ಮಾಡದಾದವು, ಎಷ್ಟೋ ಡ್ರೈವರುಗಳು ಮುರಿದವು, ಸಿಟ್ಟಾದವರೂ ಇದ್ದರು. ಆದರೂ 2003ರ ಡಿಸೆಂಬರಿನ 2.6ರಲ್ಲಿ ಅದೇ ನೆಲೆಯಾಯಿತು. ಇಳಿಸುವ ಸೌಲಭ್ಯ ಮಾತ್ರ ಕರ್ನಲ್ ಕಟ್ಟುವಾಗ ಬೇಕಾದರೆ ಆರಿಸಿಕೊಳ್ಳುವ ಒಂದು ಆಯ್ಕೆಯಾಗಿ ಉಳಿಯಿತು. ಅದು ಇಲ್ಲದಿದ್ದರೆ ಕರ್ನಲ್ ಚಿಕ್ಕದು, ಚುರುಕು, ಸರಳ ಎಂದೂ, ಇದ್ದರೂ ಕೆಲವು ಮಾಡ್ಯೂಲುಗಳು ಇಳಿಯಲಾರವು ಎಂದೂ ಆ ಆಯ್ಕೆಯ ಟಿಪ್ಪಣಿಯೇ ಹೇಳುತ್ತದೆ. ಇದಕ್ಕಿಂತ ನಿರುತ್ಸಾಹದ ಶಿಫಾರಸು ಬೇಕೆ?

ಬಲವಂತವಾಗಿ ಇಳಿಸುವ ಆಯ್ಕೆಯೂ ಇದೆ. ಬಳಸಿದರೆ ಕರ್ನಲ್ ತನ್ನ ಮೇಲೆ ‘ಆರ್’ ಎಂಬ ಕಳಂಕದ ಗುರುತು ಹಾಕಿಕೊಳ್ಳುತ್ತದೆ, ಆಮೇಲಿನ ದೋಷವರದಿಯನ್ನು ಅಭಿವೃದ್ಧಿಕಾರರು ಗಂಭೀರವಾಗಿ ತೆಗೆದುಕೊಳ್ಳುವುದು ಕಷ್ಟ.

ನೆಟ್‌ವರ್ಕ್ ವಿಭಾಗದವರು ಎಣಿಕೆಯ ಗೋಜಿಗೇ ಹೋಗಲಿಲ್ಲ. ಕಾರ್ಡ್ ಕೆಲಸ ಮಾಡುತ್ತಿರುವಾಗಲೂ ಅದರ ಮಾಡ್ಯೂಲಿನ ಎಣಿಕೆ ಸೊನ್ನೆಯಾಗಿರಬಹುದು. ಇಳಿಸಿ ಎಂದರೆ ಇಂಟರ್‌ಫೇಸನ್ನು ಕಳಚಿ, ಅದನ್ನು ಹಿಡಿದಿರುವವರೆಲ್ಲ ಬಿಡುವವರೆಗೂ ಕಾಯುತ್ತದೆ. ಯಾರಾದರೂ ಬಿಡದಿದ್ದರೆ? ಇಂಥ ಇಂಟರ್‌ಫೇಸ್ ಬಿಡುವಾಗಲೆಂದು ಕಾಯುತ್ತಿದ್ದೇನೆ ಎಂಬ ಸಾಲು ಹತ್ತು ಸೆಕೆಂಡಿಗೊಮ್ಮೆ ಲಾಗಿನಲ್ಲಿ ಬೀಳುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಪ್ರಾಮಾಣಿಕ ವಿನ್ಯಾಸ; ಕನಿಷ್ಠ ಯಾವ ಇಂಟರ್‌ಫೇಸ್ ಸಿಕ್ಕಿಬಿದ್ದಿದೆ ಎಂದಾದರೂ ತಿಳಿಯುತ್ತದೆ.

2.6ರ ಕಾಲದ ಲ್ಯಾಪ್‌ಟಾಪುಗಳು ಮರುಲೋಡನ್ನು ಮತ್ತೆ ಮನೆಮನೆಗೆ ತಂದವು. ಮುಚ್ಚಳ ಮುಚ್ಚಿ ತೆರೆದರೆ ಯುಎಸ್‌ಬಿ ಪೋರ್ಟು ಏಳುತ್ತಿರಲಿಲ್ಲ. ನಿದ್ರೆಗೆ ಮುನ್ನ ಇಳಿಸಿ, ಎದ್ದಮೇಲೆ ಏರಿಸಬೇಕಾದ ಮಾಡ್ಯೂಲುಗಳ ಪಟ್ಟಿಯನ್ನು ‘ಪಿಎಂ ಯುಟಿಲ್ಸ್’ ಎಂಬ ಉಪಕರಣಕ್ಕೆ ಬರೆದುಕೊಡುವುದು ಆಗಿನ ಮದ್ದು. ಮುಂದೆ ಉಬುಂಟುವಿನಂಥ ವಿತರಣೆಗಳು ಯುಎಸ್‌ಬಿ ಡ್ರೈವರುಗಳನ್ನು ಕರ್ನಲಿನೊಳಗೇ ಬೆಸೆದಾಗ ಆ ದಾರಿ ಮುಚ್ಚಿತು. ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು: 2005ರಲ್ಲಿ ಗ್ರೆಗ್ ಕ್ರೋ ಹಾರ್ಟ್‌ಮನ್, ಡಿವೈಸುಗಳನ್ನು ಫೈಲುಗಳಂತೆ ತೋರಿಸುವ ಕರ್ನಲಿನ ‘ಸಿಸ್‌ಎಫ್‌ಎಸ್’ಗೆ ಸೇರಿಸಿದ ‘ಬೈಂಡ್’, ‘ಅನ್‌ಬೈಂಡ್’ ಎಂಬ ಎರಡು ಫೈಲುಗಳು. ಡಿವೈಸಿನ ವಿಳಾಸವನ್ನು ಅನ್‌ಬೈಂಡ್‌ಗೆ ಬರೆದರೆ ಡ್ರೈವರು ಆ ಒಂದು ಡಿವೈಸನ್ನು ಮಾತ್ರ ಬಿಡುತ್ತದೆ, ಮಾಡ್ಯೂಲ್ ಇದ್ದಲ್ಲೇ ಇರುತ್ತದೆ. ನಾಲ್ಕು ಪೋರ್ಟಿನಲ್ಲಿ ಒಂದು ಕೆಟ್ಟರೆ ಉಳಿದ ಮೂರನ್ನು ಕೆಡಿಸಬೇಕಾಗಿಲ್ಲ. ಇಂದು ಆರ್‌ಎಂಮಾಡ್‌ಗಿಂತ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಹಿಂದಿರುಗಿಸಲು ಮರೆಯುವ ಹಳೆಯ ರೋಗಕ್ಕೆ ಮದ್ದು ಬಂದದ್ದು 2007ರ 2.6.21ರಲ್ಲಿ. ತೇಜನ್ ಹಿಯೊ ಬರೆದ ‘ಡೆವ್‌ರೆಸ್’ ವ್ಯವಸ್ಥೆಯ ಮೂಲಕ ಡ್ರೈವರು ಪಡೆದ ಪ್ರತಿಯೊಂದನ್ನೂ ಕರ್ನಲ್ಲೇ ಡಿವೈಸಿನ ಖಾತೆಗೆ ಬರೆದುಕೊಂಡು, ಡ್ರೈವರು ಬಿಟ್ಟಾಗ ತಾನೇ ತಿರುವುಮುರುವಾಗಿ ವಾಪಸು ಪಡೆಯುತ್ತದೆ. 378ನ್ನು ಬಿಡಲು ಮರೆಯುವ ಪ್ರಶ್ನೆಯೇ ಇಲ್ಲ. ಹೊಸ ಡ್ರೈವರುಗಳಲ್ಲಿ ಮೈನಸ್ 16 ಅಪರೂಪವಾದದ್ದಕ್ಕೆ ದೊಡ್ಡ ಕಾರಣ ಇದು. ಆದರೆ ಈಗ ತಪ್ಪು ಇನ್ನೊಂದು ದಿಕ್ಕಿಗೆ ಹೊರಳಿತು: ತಡವಾಗಿ ಬಿಡುವ ಬದಲು ಬೇಗ ಬಿಡುವುದು. ಪ್ರೋಗ್ರಾಮೊಂದು ಡಿವೈಸ್ ಫೈಲನ್ನು ತೆರೆದಿಟ್ಟುಕೊಂಡಿರುವಾಗಲೇ ಅನ್‌ಬೈಂಡ್ ಆದರೆ ಡ್ರೈವರಿನ ಮೆಮೊರಿ ಕೂಡಲೇ ವಾಪಸು ಹೋಗುತ್ತದೆ. ಆ ಪ್ರೋಗ್ರಾಂ ಆಮೇಲೆ ಫೈಲನ್ನು ಮುಟ್ಟಿದಾಗ ಡ್ರೈವರು ಬೇರೆಯವರ ಪಾಲಾದ ಮೆಮೊರಿಯನ್ನು ಓದುತ್ತದೆ. 2022ರಲ್ಲಿ ಡಬ್ಲಿನ್‌ನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಕರ್ನಲ್ ಅಭಿವೃದ್ಧಿಕಾರ ಲಾರೆಂಟ್ ಪಿನ್‌ಚಾರ್ಟ್ ಈ ಸೌಲಭ್ಯದ ಮೆಮೊರಿ ಭಾಗ ಹಾನಿಕಾರಕ ಎಂದೇ ವಾದಿಸಿದರು.

ಇನ್ನು ಆ ಮೂಕ ಪೋರ್ಟು. ಇಲ್ಲಿ ಎಣಿಕೆ, ಪಹಣಿ ಎಲ್ಲ ಸರಿಯಿದ್ದರೂ ಚಿಪ್ಪಿಗೆ ಡ್ರೈವರು ಹೋದ ಸುದ್ದಿ ಮುಟ್ಟಿರುವುದಿಲ್ಲ. ಏಳುವಾಗ ಚಿಪ್ಪಿನ ಇಂಟರಪ್ಟನ್ನು ನಿಲ್ಲಿಸದೇ ಹೋದರೆ ಅದು ಕೂಗುತ್ತಲೇ ಇರುತ್ತದೆ, ಕೇಳುವವರಿಲ್ಲ. ಅದೇ ಲೈನಿನಲ್ಲಿ ಬೇರೆ ಡಿವೈಸೂ ಇದ್ದರೆ ಕರ್ನಲ್ ಈ ಕೂಗುಗಳನ್ನು ಎಣಿಸುತ್ತದೆ. ಒಂದು ಲಕ್ಷದಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ ‘ನೋಬಡಿ ಕೇರ್ಡ್’ ಎಂದು ಬರೆದು ಆ ಲೈನನ್ನೇ ಮುಚ್ಚಿಬಿಡುತ್ತದೆ. ಪಾಪ, ಪಕ್ಕದ ಡಿವೈಸಿಗೂ ಶಿಕ್ಷೆ. ‘ಡಿಮೆಸೆಜ್’ ಲಾಗಿನಲ್ಲಿ ಈ ಸಾಲನ್ನು ಹುಡುಕದೆ ಡ್ರೈವರನ್ನು ಮತ್ತೆ ಮತ್ತೆ ಏರಿಸುತ್ತಾ ಕೂರುವುದು ದಂಡ. ‘ಇಂಟರಪ್ಟ್ಸ್’ ಫೈಲಿನಲ್ಲಿ ಆ ಲೈನಿನ ಸಂಖ್ಯೆ ಏರುತ್ತಿದೆಯೇ ಎಂದು ಎರಡು ಸಲ ನೋಡಿದರೂ ತಿಳಿಯುತ್ತದೆ. ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವ ಪಿಸಿಐ ಕಾರ್ಡ್ ಆಗಿದ್ದರೆ ಸಿಸ್‌ಎಫ್‌ಎಸ್‌ನ ‘ರಿಮೂವ್’ ಮತ್ತು ‘ರಿಸ್ಕ್ಯಾನ್’ ಫೈಲುಗಳು, ಕಾರ್ಡಿಗೆ ಬೆಂಬಲವಿದ್ದರೆ ‘ರೀಸೆಟ್’ ಫೈಲೂ ಇವೆ. ಅವೂ ಸೋತು, ರೀಬೂಟಿನಿಂದಲೂ ಸರಿಹೋಗದಿದ್ದರೆ ಪವರ್ ಕೇಬಲನ್ನೇ ಕಿತ್ತು ಒಂದಿಷ್ಟು ಹೊತ್ತು ಬಿಡಬೇಕು. ಬರೀ ರೀಬೂಟಿನಲ್ಲಿ ಕಾರ್ಡಿಗೆ ಹೋಗುವ ವಿದ್ಯುತ್ ನಿಲ್ಲುವುದಿಲ್ಲ.

ಡ್ರೈವರಿನ ತಪ್ಪೇ ಇಲ್ಲದ ವೈಫಲ್ಯಗಳೂ ಇವೆ, ಇತ್ತೀಚೆಗೆ ಅವೇ ಹೆಚ್ಚು. ಅಪ್‌ಡೇಟ್ ಆದಮೇಲೆ ರೀಬೂಟ್ ಮಾಡದೆ ಮರುಲೋಡಿಗೆ ಹೊರಟರೆ ಓಡುತ್ತಿರುವುದು ಹಳೆಯ ಕರ್ನಲ್, ಡಿಸ್ಕಿನಲ್ಲಿರುವುದು ಹೊಸದರ ಮಾಡ್ಯೂಲ್. ಆರ್ಚ್‌ನಂಥ ವಿತರಣೆಗಳಲ್ಲಿ ಹಳೆಯ ಮಾಡ್ಯೂಲುಗಳ ಡೈರೆಕ್ಟರಿಯೇ ಅಳಿಸಿಹೋಗಿರುತ್ತದೆ. ಇಳಿಸಿದ್ದನ್ನು ಏರಿಸಲು ಫೈಲೇ ಇಲ್ಲ. ಸೆಕ್ಯೂರ್ ಬೂಟ್ (ನಂಬಿಕಸ್ಥ ಸಹಿಯಿರುವ ಸಾಫ್ಟ್‌ವೇರನ್ನಷ್ಟೇ ಬಿಡುವ ಕಾವಲು) ಇರುವ ಯಂತ್ರದಲ್ಲಿ ನೀವೇ ಕಟ್ಟಿದ ಮಾಡ್ಯೂಲಿಗೆ ಡಿಜಿಟಲ್ ಸಹಿ ಇಲ್ಲದಿದ್ದರೆ ಬಾಗಿಲಲ್ಲೇ ತಡೆ. ಮಾಡ್ಯೂಲ್ ಸಹಿ ಪರಿಶೀಲನೆ 2012ರ 3.7ರಿಂದ ಕರ್ನಲಿನಲ್ಲಿದೆ.

ಬೇಗ ಬಿಡುವ ತಪ್ಪಿಗೆ ಈಗಿನ ಉತ್ತರ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಡೆಯಿಂದ ಬರುತ್ತಿದೆ. 2025ರ ಮಾರ್ಚಿನ 6.14 ಆವೃತ್ತಿಯಲ್ಲಿ ರಸ್ಟ್ ಡ್ರೈವರುಗಳಿಗೆ ಸೇರಿದ ವ್ಯವಸ್ಥೆಯಲ್ಲಿ ಪೋರ್ಟಿನಂಥ ಸಂಪನ್ಮೂಲವನ್ನು ಮುಟ್ಟುವ ಮುನ್ನ ಅದಿನ್ನೂ ತನ್ನದೇ ಎಂದು ಡ್ರೈವರು ಕೇಳಿಕೊಳ್ಳಬೇಕು; ಡಿವೈಸ್ ಹೋಗಿದ್ದರೆ ಇಲ್ಲ ಎಂಬ ಉತ್ತರ ಸಿಗುತ್ತದೆ, ಕರ್ನಲ್ ಬೀಳುವುದಿಲ್ಲ. ಆದರೆ ಇದು ಹೊಸದಾಗಿ ಬರೆಯುವವರಿಗೆ. ಸಿ ಭಾಷೆಯಲ್ಲಿರುವ ಎಲ್‌ಪಿ, ಪಾರ್‌ಪೋರ್ಟ್, ಹಳೆಯ ಸೀರಿಯಲ್ ಡ್ರೈವರುಗಳನ್ನು ಇದಕ್ಕಾಗಿ ಯಾರೂ ಮೊದಲಿನಿಂದ ಬರೆಯಲು ಹೊರಟಂತೆ ಕಾಣುವುದಿಲ್ಲ.